ಸೀಟು, ಬ್ರೇಕು, ಬೀಗ ಹಾಕಿದ ಶೌಚಾಲಯ: ಮೈಸೂರಿನ ಒಂದು ಸೈಕಲ್ ಅಂಗಡಿಯ ವಿಮರ್ಶೆ

ಮೈಸೂರಿನ ವರ್ತುಲ ರಸ್ತೆಯ ಬದಿಯಲ್ಲಿ ಭಾನುವಾರ ಬೆಳಿಗ್ಗೆ ಆರೂವರೆಗೆ ನಿಂತರೆ ಡೊಂಕು ಹಿಡಿಕೆಯ, ತೆಳು ಟೈರಿನ ರೋಡ್ ಸೈಕಲ್‌ಗಳು ಸಾಲುಸಾಲಾಗಿ ಹೋಗುವುದು ಕಾಣುತ್ತದೆ. ಸವಾರರಲ್ಲಿ ಹೆಂಗಸರು ಒಬ್ಬರೋ ಇಬ್ಬರೋ ಇದ್ದರೆ ಹೆಚ್ಚು. ಏಕೆ ಹೀಗೆ ಎಂದು ಆ ಸಾಲಿನ ಗಂಡಸರನ್ನು ಕೇಳಿ ನೋಡಿ, ‘ಅವರಿಗೆ ಧೈರ್ಯ ಸಾಲದು ಮೇಡಂ’ ಎನ್ನುತ್ತಾರೆ. ಇನ್ನೂ ಸ್ವಲ್ಪ ಸಭ್ಯರಾದವರು ‘ಮನೆಯಲ್ಲಿ ಬಿಡುವುದಿಲ್ಲ, ಪಾಪ’ ಎನ್ನುತ್ತಾರೆ.

ನಾನು ನಂಜನಗೂಡಿನಲ್ಲಿ ಪದವಿಪೂರ್ವ ಕಾಲೇಜಿನ ಹುಡುಗ ಹುಡುಗಿಯರಿಗೆ ಭೌತವಿಜ್ಞಾನ ಹೇಳಿಕೊಡುವವಳು. ಧೈರ್ಯವನ್ನು ಅಳೆಯುವ ಉಪಕರಣ ನಮ್ಮ ಪ್ರಯೋಗಾಲಯದಲ್ಲಿ ಇಲ್ಲ. ಆದರೆ ಸೀಟಿನ ಅಗಲವನ್ನೂ ಹಿಡಿಕೆಯಿಂದ ಬ್ರೇಕಿನ ಲಿವರಿಗೆ ಇರುವ ದೂರವನ್ನೂ ಅಳೆಯಲು ಒಂದು ಸ್ಕೇಲ್ ಸಾಕು. ಆ ಸ್ಕೇಲನ್ನು ಮೊದಲ ಬಾರಿಗೆ ನನ್ನ ಕೈಗೆ ಕೊಟ್ಟ ಅಂಗಡಿಯ ಬಗ್ಗೆ ಈ ಬರಹ. ಹೊಗಳಿಕೆಯ ಜೊತೆ ದೂರುಗಳೂ ಇರುವುದರಿಂದ ಅಂಗಡಿಯ ಹೆಸರು ಬರೆಯುವುದಿಲ್ಲ. ಮೈಸೂರಿನಲ್ಲಿ ರೋಡ್ ಸೈಕಲ್ ಓಡಿಸುವ ನಾಲ್ಕು ಜನರನ್ನು ವಿಚಾರಿಸಿದರೆ ದಾರಿ ಹೇಳುತ್ತಾರೆ.

ಮೊದಲು, ಅಲ್ಲಿಗೆ ಹೋಗುವ ಮುಂಚಿನ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಸೈಕಲ್ ಕೊಂಡದ್ದು ಬೇರೊಂದು ದೊಡ್ಡ ಮಳಿಗೆಯಲ್ಲಿ. ಜೊತೆಯಲ್ಲಿ ಯಜಮಾನರು ಬಂದಿದ್ದರು. ಪ್ರಶ್ನೆ ಕೇಳುತ್ತಿದ್ದವಳು ನಾನು, ಉತ್ತರ ಹೋಗುತ್ತಿದ್ದದ್ದು ಅವರಿಗೆ. ‘ಸರ್, ಮೇಡಂಗೆ ಹೈಬ್ರಿಡ್ ಸಾಕು, ಮುಂದೆ ಬುಟ್ಟಿ ಕೂಡ ಹಾಕಿಕೊಡುತ್ತೇವೆ.’ ಹೈಬ್ರಿಡ್ ಎಂದರೆ ನೇರ ಹಿಡಿಕೆಯ, ನೆಟ್ಟಗೆ ಕುಳಿತು ಓಡಿಸುವ ಸೈಕಲ್. ಯಜಮಾನರಿಗೆ ಸೈಕಲ್‌ಗೂ ತಮಗೂ ಯಾವ ಸಂಬಂಧವೂ ಇಲ್ಲ. ಅವರು ಗೋಡೆಗೆ ತೂಗುಹಾಕಿದ್ದ ಕ್ಯಾಂಪಿಂಗ್ ಕುರ್ಚಿಯ ಬೆಲೆ ನೋಡುತ್ತಿದ್ದರು. ನಾನು ಹಟ ಹಿಡಿದು ರೋಡ್ ಸೈಕಲನ್ನೇ ತೆಗೆದುಕೊಂಡೆ. ‘ಸಣ್ಣ ಸೈಜ್’ ಎಂದು ಕೊಟ್ಟರು. ಚೌಕಟ್ಟು ಸಣ್ಣದೇ, ಸುಳ್ಳಲ್ಲ. ಅದಕ್ಕೆ ಜೋಡಿಸಿದ ಹಿಡಿಕೆ, ಸೀಟು, ಪೆಡಲಿನ ತೋಳು, ಬ್ರೇಕು ಮಾತ್ರ ಐದಡಿ ಒಂಬತ್ತು ಅಂಗುಲದ ಗಂಡಸಿಗೆ ಹೊಂದುವಂಥವು. ನನ್ನ ಎತ್ತರ ಐದಡಿ ಒಂದು ಅಂಗುಲ.

ಆಮೇಲೆ ನಡೆದದ್ದು ಅನೇಕ ಹೆಂಗಸರಿಗೆ ಆಗುವುದೇ. ಹತ್ತು ಕಿಲೋಮೀಟರ್ ದಾಟುವಷ್ಟರಲ್ಲಿ ಕತ್ತು ಸೆಟೆದುಕೊಳ್ಳುತ್ತದೆ, ಅಂಗೈ ಜೋಮು ಹಿಡಿಯುತ್ತದೆ. ಸೀಟಿನ ನೋವನ್ನು ಯಾರ ಬಳಿ ಹೇಳಿಕೊಳ್ಳುವುದೆಂದು ತಿಳಿಯುವುದಿಲ್ಲ. ಹೇಳಿಕೊಂಡರೆ ‘ಅಭ್ಯಾಸವಾಗುತ್ತದೆ’ ಎನ್ನುತ್ತಾರೆ. ಎಷ್ಟೋ ಹೆಂಗಸರ ರೋಡ್ ಸೈಕಲ್‌ಗಳು ಅಭ್ಯಾಸವಾಗುವುದಕ್ಕೆ ಮುಂಚೆಯೇ ಮಹಡಿ ಮೆಟ್ಟಿಲ ಕೆಳಗೆ ಸೇರಿಬಿಟ್ಟಿವೆ, ಮೇಲೆ ಒಂದು ಹಳೆಯ ಬೆಡ್‌ಶೀಟ್ ಹೊದ್ದುಕೊಂಡು. ನಮ್ಮ ಬಡಾವಣೆಯಲ್ಲೇ ಅಂಥದ್ದನ್ನು ನೋಡಿದ್ದೇನೆ.

ಈ ಅಂಗಡಿಯಲ್ಲಿ ‘ಫಿಟ್ಟಿಂಗ್’ ಎಂಬ ಸೇವೆ ಇದೆ. ಸವಾರರ ಮೈ ಅಳತೆಗೆ ಸೈಕಲನ್ನು ಹೊಂದಿಸಿಕೊಡುವುದು. ನಾನು ಕೊಟ್ಟದ್ದು ಮೂರೂವರೆ ಸಾವಿರ ರೂಪಾಯಿ, ಬಿಡಿಭಾಗಗಳ ಖರ್ಚು ಬೇರೆ. ಬೆಂಗಳೂರಿನಲ್ಲಿ ಇದನ್ನು ಕ್ಯಾಮೆರಾ, ಕಂಪ್ಯೂಟರ್ ಇಟ್ಟು ಮಾಡುವವರಿದ್ದಾರೆ. ಇಲ್ಲಿ ಇರುವುದು ಸೈಕಲನ್ನು ನಿಂತಲ್ಲೇ ತುಳಿಯಲು ಒಂದು ಟ್ರೈನರ್ ಸ್ಟ್ಯಾಂಡು, ತೂಗುಗುಂಡು ಕಟ್ಟಿದ ದಾರ, ಕೋನಮಾಪಕ, ಸ್ಕೇಲು. ನನಗೆ ಅದರಿಂದ ಬೇಸರವಾಗಲಿಲ್ಲ. ಅಳತೆ ತೆಗೆಯುವವರಿಗೆ ಏನನ್ನು ಅಳೆಯಬೇಕೆಂಬುದು ಗೊತ್ತಿದ್ದರೆ ದಾರವೂ ಸಾಕು.

ಮಾಲೀಕರು ಮಧ್ಯವಯಸ್ಸಿನವರು, ಮಾತು ಕಡಿಮೆ. ಮೊದಲ ಪ್ರಶ್ನೆ ‘ಎಲ್ಲಿ ನೋವು?’ ಎಂದು. ನಾನು ಕತ್ತು, ಅಂಗೈ ಎಂದೆ. ಅವರು ಸ್ವಲ್ಪ ಹೊತ್ತು ಕಾದು, ‘ಸೀಟಿನ ಮೇಲೆ ಕೂರುವ ಕಡೆ ಇಲ್ಲವೇ?’ ಎಂದು ಜ್ವರ ಇದೆಯೇ ಎಂದು ವೈದ್ಯರು ಕೇಳುವ ಧಾಟಿಯಲ್ಲೇ ಕೇಳಿದರು. ಇದೆ ಎಂದೆ. ಆಗ ಒಳಗಿನಿಂದ ಅಲೆಅಲೆಯಾದ ರಟ್ಟಿನ ತುಂಡೊಂದನ್ನು ತಂದು ಗಟ್ಟಿ ಸ್ಟೂಲಿನ ಮೇಲೆ ಇಟ್ಟರು. ‘ಇದರ ಮೇಲೆ ಬಗ್ಗಿ ಕುಳಿತು, ಕಾಲು ಸ್ವಲ್ಪ ಎತ್ತಿ, ಒಂದು ನಿಮಿಷ ಬಿಟ್ಟು ಏಳಿ. ಎರಡು ಗುಳಿ ಬಿದ್ದಿರುತ್ತವೆ. ಅವುಗಳ ನಡುವಿನಿಂದ ನಡುವಿಗೆ ಎಷ್ಟಿದೆ ಎಂದು ನೀವೇ ಅಳೆದು ಹೇಳಿ’ ಎಂದು ಸ್ಕೇಲು ಕೈಗಿತ್ತು ಹೊರಗೆ ಹೋಗಿ ಟೈರು ಜೋಡಿಸತೊಡಗಿದರು.

ಆ ರಟ್ಟಿನ ಮೇಲೆ ಬೆರಳಾಡಿಸಿದರೆ ಗುಳಿಗಳು ಚೆನ್ನಾಗಿ ಸಿಗುತ್ತವೆ. ಕಣ್ಣಿಗಿಂತ ಬೆರಳಿಗೆ ಬೇಗ ತಿಳಿಯುತ್ತದೆ. ನನ್ನದು 131 ಮಿಲಿಮೀಟರ್ ಬಂತು. ಕುಳಿತಾಗ ದೇಹದ ಭಾರ ಹೊರುವುದು ಸೊಂಟದ ಎಲುಬಿನ ಕೆಳತುದಿಯ ಈ ಎರಡು ಮೂಳೆಗಳು. ಹೆಂಗಸರಲ್ಲಿ ಅವುಗಳ ನಡುವಿನ ಅಂತರ ಸರಾಸರಿಯಲ್ಲಿ ಗಂಡಸರಿಗಿಂತ ಹೆಚ್ಚು, ಒಬ್ಬರಿಂದ ಒಬ್ಬರಿಗೆ ವ್ಯತ್ಯಾಸವೂ ಸಾಕಷ್ಟು. ಸೀಟು ಅದಕ್ಕಿಂತ ಎರಡು ಸೆಂಟಿಮೀಟರಿನಷ್ಟಾದರೂ ಅಗಲ ಇರಬೇಕು. ಇಲ್ಲದಿದ್ದರೆ ಮೂಳೆಗಳು ಸೀಟಿನ ಅಂಚಿನಿಂದ ಜಾರಿ, ಭಾರವೆಲ್ಲ ನಡುವಿನ ಮೆದು ಭಾಗದ ಮೇಲೆ ಬೀಳುತ್ತದೆ. ನನ್ನ ಸೈಕಲ್‌ನ ಜೊತೆ ಬಂದ ಸೀಟಿನ ಅಗಲ 143. ನನಗೆ ಬೇಕಾಗಿದ್ದದ್ದು 155. ಹನ್ನೆರಡು ಮಿಲಿಮೀಟರ್, ಅಂದರೆ ನನ್ನ ಕಿರುಬೆರಳಿನ ದಪ್ಪ. ಇಷ್ಟು ದಿನ ‘ಅಭ್ಯಾಸವಾಗುತ್ತದೆ’ ಎಂದು ಹೇಳುತ್ತಿದ್ದವರು ಅಭ್ಯಾಸ ಮಾಡಿಕೊಳ್ಳಿ ಎಂದದ್ದು ಆ ಹನ್ನೆರಡು ಮಿಲಿಮೀಟರಿಗೆ.

ಜೆಲ್ ತುಂಬಿದ ಮೆತ್ತನೆಯ ಸೀಟಿನ ಕವರನ್ನು ಕೊಳ್ಳಬೇಕೆಂದು ನಾನು ಯೋಚಿಸಿದ್ದೆ. ಮಾಲೀಕರು ಮಾರಲಿಲ್ಲ. ಅಂಗಡಿಯಲ್ಲಿ ಇತ್ತು, ಆದರೂ ಮಾರಲಿಲ್ಲ. ಮೆತ್ತನೆಯದರಲ್ಲಿ ಮೂಳೆ ಹೂತುಹೋಗುತ್ತದೆ, ಆಗ ನಡುವಿನ ಭಾಗ ಮೇಲೆದ್ದು ಇನ್ನೂ ಒತ್ತುತ್ತದೆ ಎಂದರು. ಬದಲಿಗೆ ನಡುವೆ ಸೀಳು ಬಿಟ್ಟಿರುವ, ಮೂತಿ ಮೋಟಾದ 155ರ ಸೀಟೊಂದನ್ನು ಒಂದು ವಾರ ಪರೀಕ್ಷೆಗೆ ಕೊಟ್ಟರು. ಹಿಡಿಸದಿದ್ದರೆ ಹಿಂದಿರುಗಿಸಬಹುದು. ಬೇರೆ ಯಾವ ಅಂಗಡಿಯಲ್ಲೂ ನನಗೆ ಸಿಗದ ಸೌಲಭ್ಯ ಇದು. ಚಪ್ಪಲಿಯನ್ನೂ ಹಾಕಿ ನೋಡದೆ ಕೊಳ್ಳದ ನಾವು ಸೀಟನ್ನು ಮಾತ್ರ ಡಬ್ಬ ನೋಡಿ ಕೊಳ್ಳಬೇಕೆಂದರೆ ಹೇಗೆ?

ಹಿಡಿಕೆಯ ಅಗಲವನ್ನು 420ರಿಂದ 380 ಮಿಲಿಮೀಟರಿಗೆ ಇಳಿಸಿದರು. ಅದನ್ನು ಹಿಡಿದಿಡುವ ಸ್ಟೆಮ್ಮನ್ನು ನೂರರಿಂದ ಎಂಬತ್ತಕ್ಕೆ ಇಳಿಸಿದರು. ಕತ್ತಿನ ನೋವು ಹೋಯಿತು. ಇದರಲ್ಲಿ ಹೇಳುವಂಥದ್ದೇನೂ ಇಲ್ಲ.

ಹೇಳಬೇಕಾದದ್ದು ಬ್ರೇಕಿನ ಬಗ್ಗೆ. ಚಾಮುಂಡಿ ಬೆಟ್ಟ ಹತ್ತುವುದು ನನಗೆ ಎಂದೂ ಹೆದರಿಕೆ ತಂದಿರಲಿಲ್ಲ. ಹತ್ತುವಾಗ ಉಸಿರು ಹೋಗುತ್ತದೆ ಅಷ್ಟೆ. ನಡುಕ ಹುಟ್ಟಿಸುತ್ತಿದ್ದದ್ದು ಇಳಿಯುವುದು. ತಿರುವುಗಳಲ್ಲಿ ಎದುರಿನಿಂದ ಬಸ್ ಬರುತ್ತದೆ, ಕೋತಿಗಳು ರಸ್ತೆಗಿಳಿದಿರುತ್ತವೆ, ನನ್ನ ಕೈಯಲ್ಲಿ ಸೈಕಲ್ ನಿಲ್ಲುವುದಿಲ್ಲ. ಜೊತೆಯವರು ‘ಕೆಳಹಿಡಿಕೆ ಹಿಡಿದುಕೊಳ್ಳಿ, ಹೆದರಬೇಡಿ’ ಎಂದು ಕೂಗುತ್ತಾ ಮುಂದೆ ಹೋಗಿಬಿಡುತ್ತಿದ್ದರು. ನಾನು ಅರ್ಧ ದಾರಿ ಸೈಕಲನ್ನು ತಳ್ಳಿಕೊಂಡು ಇಳಿಯುತ್ತಿದ್ದೆ.

ರೋಡ್ ಸೈಕಲ್‌ನ ಬ್ರೇಕ್ ಲಿವರಿನ ತಿರುಗುಬಿಂದು ಮೇಲ್ಭಾಗದಲ್ಲಿ ಇರುತ್ತದೆ. ಮೇಲಿನ ರಬ್ಬರ್ ಹಿಡಿಯ ಮೇಲೆ ಕೈಯಿಟ್ಟು ಎಳೆದರೆ ಬೆರಳು ಆ ಬಿಂದುವಿಗೆ ಹತ್ತಿರ ಇರುವುದರಿಂದ ಬಲ ಹೆಚ್ಚು ಬೇಕು. ಕೆಳಗಿನ ಡೊಂಕಿನಲ್ಲಿ ಕೈಯಿಟ್ಟರೆ ಲಿವರಿನ ತುದಿ ಬೆರಳಿಗೆ ಸಿಗುತ್ತದೆ, ಸ್ವಲ್ಪ ಎಳೆದರೂ ಚೆನ್ನಾಗಿ ಹಿಡಿಯುತ್ತದೆ. ಸನ್ನೆಕೋಲಿನ ಈ ಪಾಠವನ್ನು ನಾನು ಎಷ್ಟೋ ವರ್ಷ ಹೇಳಿಕೊಟ್ಟಿದ್ದೇನೆ. ಸಮಸ್ಯೆ ಎಂದರೆ ಕೆಳಹಿಡಿಕೆಯಿಂದ ನನ್ನ ಬೆರಳು ಲಿವರನ್ನು ಮುಟ್ಟುತ್ತಲೇ ಇರಲಿಲ್ಲ. ಮಧ್ಯದ ಬೆರಳಿನ ತುದಿ ಸೋಕುತ್ತಿತ್ತು, ಎಳೆಯಲು ಆಗುತ್ತಿರಲಿಲ್ಲ. ಬ್ರೇಕು ಮುಟ್ಟಲಾಗದವರು ಇಳಿಜಾರಿನಲ್ಲಿ ಹೆದರಿದರೆ ಅದು ಪುಕ್ಕಲುತನ ಅಲ್ಲ, ತಿಳಿವಳಿಕೆ.

ಈ ಕೆಲಸ ಮಾಡಿಕೊಟ್ಟದ್ದು ಅಂಗಡಿಯ ಮೆಕ್ಯಾನಿಕ್ ಹುಡುಗಿ. ಇಪ್ಪತ್ತೈದರ ಆಸುಪಾಸು, ಬಾಗಲಕೋಟೆ ಜಿಲ್ಲೆಯವಳು. ‘ಕೈ ತೋರಿಸಿ ಮೇಡಂ’ ಎಂದು ನನ್ನ ಅಂಗೈಯನ್ನು ತನ್ನ ಅಂಗೈಗೆ ಒತ್ತಿ ಹಿಡಿದು ನೋಡಿದಳು. ಲಿವರಿನ ಬದಿಯಲ್ಲಿ ಅಡಗಿದ್ದ, ಅಕ್ಕಿಕಾಳಿನಷ್ಟು ದೊಡ್ಡ ತಿರುಪೊಂದಕ್ಕೆ ಸಣ್ಣ ಅಲೆನ್ ಕೀ ಹಾಕಿ ಕಾಲು ಸುತ್ತು, ಅರ್ಧ ಸುತ್ತು, ಮತ್ತೆ ಕಾಲು ಸುತ್ತು ತಿರುಗಿಸಿದಳು. ಲಿವರು ಹಿಡಿಕೆಯ ಕಡೆಗೆ ಸರಿದು ಬಂತು. ಹಾಗೇ ಬಿಟ್ಟರೆ ಎಳೆದಾಗ ಲಿವರು ಹಿಡಿಕೆಗೇ ತಾಗಿ ನಿಂತುಬಿಡುತ್ತದೆ, ಆದ್ದರಿಂದ ಕೇಬಲನ್ನೂ ಬಿಗಿ ಮಾಡಿದಳು. ಐದು ನಿಮಿಷವೂ ಆಗಲಿಲ್ಲ. ತಿರುಪು ಸೈಕಲ್‌ನ ಜೊತೆಯಲ್ಲೇ ಬಂದದ್ದು, ಹೊಸ ಭಾಗ ಒಂದೂ ಬೇಕಾಗಲಿಲ್ಲ. ಸೈಕಲ್ ಮಾರಿದ ಮಳಿಗೆಯಲ್ಲಿ ಇದನ್ನು ಯಾರೂ ತಿರುಗಿಸಿರಲಿಲ್ಲ, ಇದೆ ಎಂದು ಹೇಳಿಯೂ ಇರಲಿಲ್ಲ.

ಹೇಳದಿರುವುದರಲ್ಲಿ ಕೇಡಿನ ಬುದ್ಧಿ ಇತ್ತು ಎಂದು ನಾನು ನಂಬುವುದಿಲ್ಲ. ಅವರ ಕೈಗೆ ಲಿವರು ಸಿಗುತ್ತಿತ್ತು, ತಿರುಪು ಹುಡುಕುವ ಅಗತ್ಯ ಬಿದ್ದಿರಲಿಲ್ಲ. ಈ ಸೈಕಲ್ಲೇ ಗಂಡಸರ ಅಳತೆಯಲ್ಲಿ ಬೆಳೆದು ಬಂದದ್ದು. ಗಂಡಸರ ರಸ್ತೆ ಸೈಕಲ್ ಓಟ 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲೇ ಇತ್ತು. ಹೆಂಗಸರಿಗೆ ಅದೇ ಓಟ ಸಿಕ್ಕಿದ್ದು 1984ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಅದರ ಮರುವರ್ಷ ಅಮೆರಿಕದಲ್ಲಿ ಜಾರ್ಜೀನಾ ಟೆರಿ ಎಂಬ ಎಂಜಿನಿಯರ್ ಕುಳ್ಳಗಿನ ಹೆಂಗಸರಿಗೆಂದು ಮುಂದಿನ ಚಕ್ರ ಸಣ್ಣದಾಗಿರುವ ಸೈಕಲ್‌ಗಳನ್ನು ತಯಾರಿಸಿ ಮಾರುವ ಕಂಪನಿ ತೆರೆದರು. ಈಗ ಜೈಂಟ್ ಕಂಪನಿಯವರು ಲಿವ್ ಎಂಬ ಹೆಸರಿನಲ್ಲಿ ಹೆಂಗಸರಿಗೆಂದೇ ಮಾಡುತ್ತಾರೆ. ಸೈಕಲ್ ಬಿಡಿಭಾಗ ಮಾಡುವ ಶಿಮಾನೋದವರು ತಮ್ಮ 105 ಎಂಬ ಶ್ರೇಣಿಯಲ್ಲಿ ಸಣ್ಣ ಕೈಗಳಿಗೆಂದು ಬೇರೆ ಲಿವರನ್ನೇ ತಂದರು. ಇವೆಲ್ಲ ದುಬಾರಿ, ಮೈಸೂರಿನಲ್ಲಿ ಕೈಗೆ ಸಿಗುವುದೂ ಅಪರೂಪ. ಇರುವ ತಿರುಪನ್ನು ತಿರುಗಿಸುವುದಕ್ಕೆ ಯಾವ ಆಮದೂ ಬೇಡ.

ಆ ಹುಡುಗಿಯ ಬಗ್ಗೆ ಇನ್ನೂ ಸ್ವಲ್ಪ ಬರೆಯಬೇಕು. ಮೈಸೂರಿನವರಿಗೆ ಅಷ್ಟಾಗಿ ಗೊತ್ತಿಲ್ಲದ ವಿಷಯ: ಕರ್ನಾಟಕದ ರಸ್ತೆ ಸೈಕಲ್ ಓಟದ ತವರು ವಿಜಯಪುರ, ಬಾಗಲಕೋಟೆ ಸೀಮೆ. ರಾಷ್ಟ್ರಮಟ್ಟದ ಸವಾರರು, ಅವರಲ್ಲಿ ಹುಡುಗಿಯರೂ, ಆ ಬಯಲಿನ ಹಳ್ಳಿಗಳಿಂದ ಬಂದಿದ್ದಾರೆ. ಅಲ್ಲಿ ಕ್ರೀಡಾ ವಸತಿ ನಿಲಯಗಳಿವೆ, ಜಾತ್ರೆಗಳಲ್ಲಿ ಸೈಕಲ್ ಪಂದ್ಯ ಇಡುತ್ತಾರೆ. ಇವಳೂ ಹಾಗೆ ಹಾಸ್ಟೆಲಿನಲ್ಲಿ ಬೆಳೆದವಳು, ಮೊಣಕಾಲು ಕೆಟ್ಟ ಮೇಲೆ ಓಟ ಬಿಟ್ಟು ಪಾನಾ ಹಿಡಿದವಳು. ಬಿಗಿ ಚಡ್ಡಿ ಹಾಕಿಕೊಂಡು ರಸ್ತೆಯಲ್ಲಿ ಹೋಗಲು ಊರಿನಲ್ಲಿ ಮುಜುಗರ ಆಗುತ್ತಿರಲಿಲ್ಲವೇ ಎಂದು ಕೇಳಿದೆ. ‘ನಮ್ಮ ಕಡೆ ಹುಡುಗಿ ಸೈಕಲ್ ಹತ್ತಿದರೆ ಯಾರೂ ತಿರುಗಿ ನೋಡುವುದಿಲ್ಲ ಮೇಡಂ. ಸೋತು ಬಂದರೆ ನೋಡುತ್ತಾರೆ’ ಎಂದಳು.

ಅದರ ಹಿಂದಿನ ಲೆಕ್ಕಾಚಾರವನ್ನೂ ಅವಳೇ ಬಿಡಿಸಿದಳು. ಪದಕ ಗೆದ್ದರೆ ಕ್ರೀಡಾ ಕೋಟಾದಲ್ಲಿ ರೈಲ್ವೆಯಲ್ಲೋ ಪೊಲೀಸ್ ಇಲಾಖೆಯಲ್ಲೋ ಕೆಲಸ ಸಿಗಬಹುದು. ಮಗಳ ಸೈಕಲ್ ಎಂದರೆ ಒಂದು ನೌಕರಿಯ ದಾರಿ, ಆದ್ದರಿಂದ ಅಪ್ಪನೇ ಹಿಂದೆ ಮೋಟಾರ್ ಸೈಕಲ್‌ನಲ್ಲಿ ಬರುತ್ತಾನೆ. ನಮ್ಮ ಮೈಸೂರಿನ ಮಧ್ಯಮವರ್ಗದ ಮನೆಗಳಲ್ಲಿ ಬೆಳಗಿನ ಎರಡು ಗಂಟೆ ಹೆಂಗಸು ಸುಮ್ಮನೆ ಖುಷಿಗೆ ಸೈಕಲ್ ತುಳಿದು ಬರುತ್ತಾಳೆಂದರೆ ಅದಕ್ಕೆ ಯಾವ ಖಾತೆಯಲ್ಲಿ ಅನುಮತಿ ಕೊಡುವುದು? ತೂಕ ಇಳಿಸುವುದಕ್ಕೆ ಎಂದರೆ ಕೊಡುತ್ತಾರೆ. ಸಕ್ಕರೆ ಕಾಯಿಲೆಗೆ ವೈದ್ಯರು ಹೇಳಿದ್ದಾರೆ ಎಂದರೆ ಕೊಡುತ್ತಾರೆ. ಬರಿಯ ಆಸೆಗೆ ಕೊಡುವ ರೂಢಿ ಇಲ್ಲ. ನನ್ನ ಸೋದರತ್ತೆ ಸೈಕಲ್‌ನ ಬೆಲೆ ಕೇಳಿ ‘ಅಷ್ಟಕ್ಕೆ ಒಂದು ಎಳೆ ಸರ ಆಗುತ್ತಿತ್ತಲ್ಲ’ ಎಂದರು. ಪಕ್ಕದ ಮನೆಯವರು ಇಂದಿಗೂ ‘ಸ್ಕೂಟರ್ ರಿಪೇರಿಗೆ ಕೊಟ್ಟಿದ್ದೀರಾ?’ ಎಂದು ಕೇಳುತ್ತಾರೆ. ಕೊಟ್ಟಿದ್ದೇನೆ ಎನ್ನುತ್ತೇನೆ. ಇಷ್ಟು ಕಾಲ ರಿಪೇರಿಯಲ್ಲೇ ಇರುವ ಸ್ಕೂಟರ್ ಯಾವುದೆಂದು ಅವರು ಇನ್ನೂ ಕೇಳಿಲ್ಲ.

ಸೈಕಲ್ ನಮ್ಮ ಹೆಣ್ಣುಮಕ್ಕಳಿಗೆ ಹೊಸದಂತೂ ಅಲ್ಲ. 2006-07ರಿಂದ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುತ್ತಾ ಬಂತು. ನನ್ನ ತರಗತಿಗೆ ಬರುವ ಹಳ್ಳಿಯ ಹುಡುಗಿಯರಲ್ಲಿ ಎಷ್ಟೋ ಮಂದಿ ಆ ಬಾಗಿದ ಚೌಕಟ್ಟಿನ, ಮುಂದೆ ಬುಟ್ಟಿ ಇರುವ ಸೈಕಲ್‌ನಲ್ಲಿ ಶಾಲೆ ಮುಗಿಸಿದವರು. ಪಿಯುಸಿಗೆ ಬರುವಷ್ಟರಲ್ಲಿ ಬಸ್ ಪಾಸ್ ಬರುತ್ತದೆ, ಸೈಕಲ್ ತಮ್ಮನಿಗೆ ಹೋಗುತ್ತದೆ. 2017ರಲ್ಲಿ ಮೈಸೂರಿನಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್‌ಗಳು ಬಂದಾಗ ಸೀರೆ ಉಟ್ಟವರೂ ಹತ್ತಿ ಓಡಿಸಿದ್ದನ್ನು ನಾನೇ ನೋಡಿದ್ದೇನೆ. ನೆಟ್ಟಗೆ ಕುಳಿತು ಅಂಗಡಿಗೋ ಶಾಲೆಗೋ ಹೋದರೆ ಅದು ಕೆಲಸ. ಬೆನ್ನು ಬಗ್ಗಿಸಿ, ಬಿಗಿಯಾದ ಬಟ್ಟೆ ತೊಟ್ಟು, ಎಲ್ಲಿಗೂ ಹೋಗದೆ ನಲವತ್ತು ಕಿಲೋಮೀಟರ್ ಸುತ್ತಿ ಮನೆಗೇ ವಾಪಸ್ ಬಂದರೆ ಅದು ಏನು ಎಂದು ಯಾರಿಗೂ ತಿಳಿಯುವುದಿಲ್ಲ.

ಬಟ್ಟೆಯ ವಿಷಯಕ್ಕೆ ಬಂದೆ, ಇಲ್ಲಿಂದ ದೂರುಗಳು ಶುರು. ಅಂಗಡಿಯಲ್ಲಿ ಕೂರುವ ಕಡೆ ಮೆತ್ತೆ ಹೊಲಿದ, ಗಂಡಸರ ಪ್ಯಾಡ್ ಚಡ್ಡಿಗಳು ಒಂದು ಗೋಡೆ ತುಂಬ ಇವೆ. ಹೆಂಗಸರದ್ದು ಕೆಳಗಿನ ಒಂದು ಡ್ರಾಯರ್, ಎರಡೇ ಅಳತೆ. ಜೆರ್ಸಿ ಗುಲಾಬಿ ಬಣ್ಣದ್ದು, ಭುಜದ ಮೇಲೆ ಚಿಟ್ಟೆ. ನಲವತ್ತೈದರ ಉಪನ್ಯಾಸಕಿಗೆ ಚಿಟ್ಟೆ ಏಕೆ ಎಂದು ಕೇಳಿದ್ದಕ್ಕೆ ‘ಕಂಪನಿಯಿಂದ ಬರುವುದೇ ಅದು’ ಎಂದರು. ಹಾಕಿ ನೋಡಲು ಕೋಣೆ ಇಲ್ಲ. ಟೈರುಗಳನ್ನು ಪೇರಿಸಿದ ಉಗ್ರಾಣವನ್ನು ತೋರಿಸಿದರು, ಅದರ ಬಾಗಿಲಿಗೆ ಅಗುಳಿ ಇಲ್ಲ. ಮೆಕ್ಯಾನಿಕ್ ಹುಡುಗಿ ಹೊರಗೆ ಕಾವಲು ನಿಂತಳು. ಇಷ್ಟು ಸೂಕ್ಷ್ಮವಾಗಿ ಸೀಟಿನ ಅಳತೆ ತೆಗೆಸುವ ಮಾಲೀಕರಿಗೆ ಇಪ್ಪತ್ತು ರೂಪಾಯಿಯ ಒಂದು ಅಗುಳಿ ಹೊಳೆಯದೆ ಹೋದದ್ದು ನನಗೆ ಅರ್ಥವಾಗಿಲ್ಲ. ಎರಡು ಸಲ ಹೇಳಿದ ಮೇಲೂ ಹಾಕಿಸಿಲ್ಲ.

ಪ್ಯಾಡ್ ಚಡ್ಡಿಯ ಒಳಗೆ ಒಳಉಡುಪು ಹಾಕಬಾರದು. ಒಳಉಡುಪಿನ ಹೊಲಿಗೆ ಚರ್ಮಕ್ಕೂ ಪ್ಯಾಡಿಗೂ ನಡುವೆ ಸಿಕ್ಕಿ ಉಜ್ಜಿ ಗಾಯ ಮಾಡುತ್ತದೆ, ಬೆವರು ಹಿಡಿದಿಡುತ್ತದೆ. ಗಂಡಸರು ಇದನ್ನು ತಮ್ಮತಮ್ಮಲ್ಲೇ ನಗುತ್ತಾ ಹೇಳಿಕೊಂಡಿರುತ್ತಾರೆ. ಹೆಂಗಸರಿಗೆ ಹೇಳಲು ಅವರಿಗೆ ಸಂಕೋಚ, ಕೇಳಲು ನಮಗೆ ಸಂಕೋಚ. ಇಲ್ಲಿ ಅದನ್ನು ನನಗೆ ನೇರವಾಗಿ ಹೇಳಿದವಳು ಆ ಹುಡುಗಿ. ಅವಳು ರಜೆಯಲ್ಲಿದ್ದ ದಿನ ಚಡ್ಡಿ ಕೊಂಡ ನನ್ನ ಸಹೋದ್ಯೋಗಿಗೆ ಯಾರೂ ಹೇಳಲಿಲ್ಲ. ಡಬ್ಬದೊಳಗೆ ಕನ್ನಡದಲ್ಲಿ ಮುದ್ರಿಸಿದ ಒಂದು ಚೀಟಿ ಇಟ್ಟರೆ ಯಾರ ಬಾಯಿಗೂ ಕಷ್ಟವಾಗುವುದಿಲ್ಲ. ಬಿಗಿ ಚಡ್ಡಿಯಲ್ಲಿ ಬೀದಿ ದಾಟಲು ಮನಸ್ಸಿಲ್ಲದವರಿಗೆ ಒಂದು ಮಾತು: ಮೇಲೊಂದು ಸಡಿಲವಾದ, ಮೊಣಕಾಲುದ್ದದ ಚಡ್ಡಿ ಹಾಕಿಕೊಳ್ಳಿ. ನಾನು ಹಾಗೆಯೇ ಹೋಗುತ್ತೇನೆ, ವೇಗಕ್ಕೆ ಏನೂ ಕಡಿಮೆಯಾಗಿಲ್ಲ. ದುಪಟ್ಟಾ ಮಾತ್ರ ಬೇಡವೇ ಬೇಡ, ಅದು ಚಕ್ರಕ್ಕೆ ಸಿಕ್ಕಿದರೆ ಉರುಳಾಗುತ್ತದೆ.

ಭುಜಪಟ್ಟಿ ಇರುವ ಬಿಬ್ ಚಡ್ಡಿ ಜಾರುವುದಿಲ್ಲ, ಹೊಟ್ಟೆಗೆ ಒತ್ತುವುದೂ ಇಲ್ಲ, ನಿಜ. ಆದರೆ ಶೌಚಾಲಯಕ್ಕೆ ಹೋಗಬೇಕಾದರೆ ಮೇಲಿನ ಜೆರ್ಸಿಯನ್ನೂ ಪೂರ್ತಿ ಕಳಚಬೇಕು. ಹಿಂಭಾಗ ಮಾತ್ರ ಬಿಚ್ಚಿಕೊಳ್ಳುವಂತೆ ಕೊಕ್ಕೆ ಇಟ್ಟ ಹೆಂಗಸರ ಬಿಬ್‌ಗಳು ಹೊರಗೆ ಸಿಗುತ್ತವೆ, ಈ ಅಂಗಡಿಯಲ್ಲಿ ಇಲ್ಲ. ತರಿಸಿಕೊಡಿ ಎಂದರೆ ‘ಕೇಳುವವರು ಕಡಿಮೆ ಮೇಡಂ’ ಎನ್ನುತ್ತಾರೆ. ಇಟ್ಟರೆ ತಾನೇ ಕೇಳುವುದು?

ಈಗ ಶೌಚಾಲಯ. ಹೆಂಗಸರು ದೂರ ಹೋಗಲು ಹಿಂಜರಿಯುವ ಕಾರಣಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ಕಾಣುವುದಿಲ್ಲ. ನಾಯಿಗಳನ್ನು ಸೇರಿಸಿಯೇ ಹೇಳುತ್ತಿದ್ದೇನೆ. ಗಂಡಸರ ಗುಂಪು ಹುಣಸೆ ಮರದ ಹಿಂದೆ ನಿಂತು ಎರಡು ನಿಮಿಷದಲ್ಲಿ ಮುಗಿಸಿ ಹೊರಡುತ್ತದೆ. ನಾವು ಬೆಳಿಗ್ಗೆ ಏಳುತ್ತಲೇ ಲೆಕ್ಕ ಹಾಕುತ್ತೇವೆ: ಎಷ್ಟು ಹೊತ್ತಿನ ಸವಾರಿ, ಎಷ್ಟು ನೀರು ಕುಡಿಯಬಹುದು. ಕಡೆಗೆ ಕುಡಿಯುವುದೇ ಇಲ್ಲ. ಬಿಸಿಲಿನಲ್ಲಿ ಬೆವರು ಸುರಿಸಿ ನೀರು ಕುಡಿಯದೆ ಬಂದರೆ ತಲೆನೋವು ಒಂದು ಕಡೆ, ಉರಿಮೂತ್ರ ಇನ್ನೊಂದು ಕಡೆ. ಪೆಟ್ರೋಲ್ ಬಂಕ್‌ಗಳಲ್ಲಿ ಸಾರ್ವಜನಿಕರಿಗೆ ಶೌಚಾಲಯ ಉಚಿತವಾಗಿ ಇರಲೇಬೇಕೆಂಬ ನಿಯಮವಿದೆ. ಬೆಳಿಗ್ಗೆ ಆರಕ್ಕೆ ಹೋದರೆ ಬೀಗ, ಕೀಲಿ ಇರುವವನು ಎಂಟಕ್ಕೆ ಬರುತ್ತಾನೆ. ಬ್ರೆವೆ ಎಂಬ, ಗಡುವಿನೊಳಗೆ ಮುಗಿಸಬೇಕಾದ ಇನ್ನೂರು ಕಿಲೋಮೀಟರಿನ ಸವಾರಿಗೆ ಹದಿಮೂರೂವರೆ ಗಂಟೆ ಕಾಲಾವಕಾಶ. ಅದನ್ನು ಮುಗಿಸಬಲ್ಲ ಕಾಲುಬಲ ಇರುವ ಹೆಂಗಸರು ನನಗೆ ಗೊತ್ತು. ಅವರ ಅನುಮಾನ ಕಾಲಿನ ಬಗ್ಗೆ ಅಲ್ಲ.

ಈ ಅಂಗಡಿಯನ್ನು ನಾನು ಮೆಚ್ಚುವುದು ಮುಖ್ಯವಾಗಿ ಇಲ್ಲಿಯೇ. ಅವರು ಭಾನುವಾರ ನಡೆಸುವ ಸಾಮೂಹಿಕ ಸವಾರಿಯ ದಾರಿಯನ್ನು ಶುಕ್ರವಾರವೇ ಕಳುಹಿಸುತ್ತಾರೆ, ಅದರಲ್ಲಿ ಎಷ್ಟನೆಯ ಕಿಲೋಮೀಟರಿನಲ್ಲಿ ತೆರೆದಿರುವ ಶೌಚಾಲಯ ಇದೆ ಎಂದು ಬರೆದಿರುತ್ತದೆ. ಬಂಕಿನವರಿಗೆ ಮೊದಲೇ ಫೋನ್ ಮಾಡಿ ಕೀಲಿ ಎಲ್ಲಿರುತ್ತದೆ ಎಂದು ಕೇಳಿಟ್ಟಿರುತ್ತಾರೆ. ಪಟ್ಟಿ ಮಾಡಿದವರು ಗುಂಪಿನ ಹೆಂಗಸರೇ, ಆದರೆ ಅಂಗಡಿಯವರು ಅದನ್ನು ಊಟದ ನಿಲುಗಡೆಯಷ್ಟೇ ಸಹಜವಾಗಿ ದಾರಿಯ ಚೀಟಿಯಲ್ಲಿ ಸೇರಿಸಿದ್ದಾರೆ. ಈ ಒಂದು ಸಾಲು ಬಂದ ಮೇಲೆ ಬನ್ನೂರು, ತಿರುಮಕೂಡಲು ನರಸೀಪುರದ ಕಡೆಯ ಉದ್ದ ಸವಾರಿಗೂ ನಮ್ಮವರು ಬರತೊಡಗಿದರು.

ಸವಾರಿ ಆರೂಕಾಲಿಗೆ ಹೊರಡುತ್ತದೆ, ಬೇರೆ ಗುಂಪುಗಳ ಹಾಗೆ ಐದಕ್ಕಲ್ಲ. ಕತ್ತಲಿನಲ್ಲಿ ಒಬ್ಬಳೇ ಸೇರುವ ಜಾಗಕ್ಕೆ ಬರಬೇಕಾಗಿಲ್ಲ. ಬೆಂಗಳೂರು ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್‌ನಿಂದ ಸೈಕಲ್‌ಗೆ ಪ್ರವೇಶ ಇಲ್ಲ, ಸರ್ವಿಸ್ ರಸ್ತೆಯಲ್ಲಿ ಎದುರಿನಿಂದ ಬರುವ ಟ್ರ್ಯಾಕ್ಟರುಗಳ ಕಾಟ. ಆದ್ದರಿಂದ ಅವರು ಹೆಚ್ಚಾಗಿ ವರುಣಾ ನಾಲೆಯ ಕಡೆಗೋ ವರ್ತುಲ ರಸ್ತೆಯಲ್ಲಿ ಒಂದು ಪೂರ್ತಿ ಸುತ್ತಿಗೋ, ಅಂದರೆ ಸುಮಾರು 42 ಕಿಲೋಮೀಟರಿಗೋ, ಕರೆದೊಯ್ಯುತ್ತಾರೆ. ‘ಯಾರನ್ನೂ ಹಿಂದೆ ಬಿಡುವುದಿಲ್ಲ’ ಎಂಬುದು ನಿಯಮ. ಹೋಗುವಾಗ ಪಾಲಿಸುತ್ತಾರೆ. ಕಾಫಿ ಕುಡಿದು ವಾಪಸ್ ಹೊರಟ ಮೇಲೆ ಮುಂದಿನ ನಾಲ್ಕೈದು ಹುಡುಗರಿಗೆ ಏನಾಗುತ್ತದೋ, ಮೂವತ್ತರ ವೇಗಕ್ಕೆ ಏರಿಸುತ್ತಾರೆ, ಗುಂಪು ಹರಿದುಹೋಗುತ್ತದೆ. ಮುಂದಿನವರ ಚಕ್ರದ ಹಿಂದೆ ಅಂಟಿಕೊಂಡಿದ್ದರೆ ಗಾಳಿಯ ತಡೆ ಬಹಳ ಕಡಿಮೆಯಾಗುತ್ತದೆ. ಒಮ್ಮೆ ಹತ್ತು ಮೀಟರ್ ಹಿಂದೆ ಬಿದ್ದರೆ ಆ ಆಸರೆ ತಪ್ಪಿ, ಇನ್ನೂ ಹಿಂದೆ ಬೀಳುತ್ತೇವೆ. ಹೊಸಬರು ಎರಡನೆಯ ಭಾನುವಾರ ಬಾರದಿರುವುದು ಇದರಿಂದಲೇ. ಮಾಲೀಕರು ಕೊನೆಯಲ್ಲಿ ನಮ್ಮ ಜೊತೆ ಬರುತ್ತಾರೆ, ಒಳ್ಳೆಯದು. ಆದರೆ ಅವರು ಇರಬೇಕಾದದ್ದು ಮುಂದೆ, ಆ ಹುಡುಗರ ಮೂಗಿನ ಎದುರಿಗೆ.

ತಿಂಗಳಿಗೊಮ್ಮೆ ಪಂಕ್ಚರ್ ಪಾಠ ಇರುತ್ತದೆ, ಹೆಂಗಸರಿಗೆ ಮಾತ್ರ, ಉಚಿತ. ಹೇಳಿಕೊಡುವವಳು ಅದೇ ಹುಡುಗಿ. ಪ್ರತಿಯೊಬ್ಬರೂ ಟೈರನ್ನು ತಾವೇ ಕಳಚಿ, ಟ್ಯೂಬ್ ಬದಲಿಸಿ, ಗಾಳಿ ತುಂಬಿದ ಮೇಲೆಯೇ ಕಾಫಿ. ಗಟ್ಟಿ ಟೈರಿನ ಕೊನೆಯ ಒಂದು ಗೇಣು ಒಳಗೆ ಕೂರುವುದೇ ಇಲ್ಲ. ಅದಕ್ಕೆ ಬೆರಳಿನ ಬಲ ಬೇಡ, ಟೈರಿನ ಉಳಿದ ಅಂಚನ್ನೆಲ್ಲ ರಿಮ್ಮಿನ ನಡುವಿನ ತಗ್ಗಿಗೆ ಒತ್ತಿಕೊಂಡು ಬಂದರೆ ಅಷ್ಟು ಸಡಿಲ ತಾನಾಗಿ ಸಿಗುತ್ತದೆ ಎಂದು ತೋರಿಸಿಕೊಟ್ಟಳು. ನಿರ್ಜನ ರಸ್ತೆಯಲ್ಲಿ ಪಂಕ್ಚರ್ ಆದರೆ ಯಾರನ್ನು ಕರೆಯಲಿ ಎಂಬ ಭಯಕ್ಕೆ ಅಷ್ಟು ಗೊತ್ತಿದ್ದರೆ ಸಾಕಾಗುತ್ತದೆ. ಪಕ್ಕದಲ್ಲಿ ಮೋಟಾರ್ ಸೈಕಲ್ ನಿಧಾನ ಮಾಡಿ ಏನೋ ಅಂದು ಹೋಗುವವರಿಗೆ ಮಾತ್ರ ಯಾವ ಅಂಗಡಿಯಲ್ಲೂ ಮದ್ದಿಲ್ಲ. ಅವರಿಗಾಗಿ ನಾನು ಒಬ್ಬಳೇ ಹೋಗುವುದನ್ನು ಬಿಟ್ಟಿಲ್ಲ, ಆದರೆ ಹೋಗುವ ರಸ್ತೆಯನ್ನು ಆರಿಸಿಕೊಳ್ಳುತ್ತೇನೆ. ಹಾಗೆ ಆರಿಸಿಕೊಳ್ಳಬೇಕಾಗಿರುವುದು ನನಗೆ ಇಷ್ಟವಿಲ್ಲ.

ಪೆಡಲಿನ ತೋಳು ಇನ್ನೂ 170 ಮಿಲಿಮೀಟರಿನದೇ ಇದೆ. 165 ನನಗೆ ಸರಿ, ತರಿಸಿಕೊಡುತ್ತೇವೆ ಎಂದವರು ಯುಗಾದಿ ಕಳೆದು ದಸರಾ ಬಂದರೂ ತರಿಸಿಲ್ಲ. ಮುಂಗಡ ಕೊಟ್ಟಿದ್ದರೆ ಇಷ್ಟರಲ್ಲಿ ಜಗಳವಾಗಿರುತ್ತಿತ್ತು. ನೀವೂ ಕೊಡಬೇಡಿ, ಮಾಲು ಬಂದ ಮೇಲೆ ಕೊಡಿ.

ಹೋಗುವವರು ಫಿಟ್ಟಿಂಗಿಗೆ ವಾರದ ದಿನ ಮಧ್ಯಾಹ್ನದ ಸಮಯ ಕೇಳಿ ತೆಗೆದುಕೊಳ್ಳಿ, ಎರಡೂವರೆ ಗಂಟೆ ಹಿಡಿಯುತ್ತದೆ. ಶನಿವಾರ ಸಂಜೆ ಅಂಗಡಿ ತುಂಬಿರುತ್ತದೆ, ಅವಸರದಲ್ಲಿ ದಾರ ಹಿಡಿದು ಬಿಡುತ್ತಾರೆ. ಸವಾರಿಗೆ ಹಾಕುವ ಬೂಟನ್ನೇ ಹಾಕಿಕೊಂಡು ಹೋಗಿ. ಬೇರೆ ಅಂಗಡಿಯಲ್ಲಿ ಕೊಂಡ ಸೈಕಲ್ ಎಂದು ಮುಖ ಸಿಂಡರಿಸುವುದಿಲ್ಲ. ಬ್ರೇಕಿನ ತಿರುಪು ತಿರುಗಿಸಿದ್ದಕ್ಕೆ ನನ್ನಿಂದ ಬೇರೆ ದುಡ್ಡು ತೆಗೆದುಕೊಳ್ಳಲಿಲ್ಲ, ಬೇರೇನೂ ಮಾಡಿಸದಿದ್ದರೂ ಅಷ್ಟನ್ನಾದರೂ ಮಾಡಿಸಿಕೊಳ್ಳಿ. ಚಡ್ಡಿ ಕೊಳ್ಳುವುದಿದ್ದರೆ ಆ ಹುಡುಗಿ ಇರುವ ದಿನ ಹೋಗಿ. ಮಂಗಳವಾರ ಅಂಗಡಿಗೆ ರಜೆ, ಅವಳಿಗೆ ಬುಧವಾರವೂ.